ಕಂಬಗಳ ನಡುವಣ ಬಯಲು

ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೊರಟರೆ, ಪ್ರವಾಸಿಗಳು ಹೆಚ್ಚಾಗಿ ಗಮನಿಸದೆ ದಾಟಿಹೋಗುವ ಒಂದು ಕಟ್ಟಡವಿದೆ. ಅದಕ್ಕೆ ಗೋಪುರವಿಲ್ಲ, ಗುಮ್ಮಟವೂ ಇಲ್ಲ. ಹಂಪಿಯ ಬಯಲಿನಲ್ಲಿ ಹೆಜ್ಜೆಗೊಂದರಂತೆ ಕಾಣಸಿಗುವ ಸಾದಾ ಕಲ್ಲುಕಂಬಗಳು, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿಯ ಮಾಡು. ಹಿಂಬದಿಗೆ ಗೋಡೆ, ಮುಂಬದಿಗೆ ತೆರಪು. ನೋಡಿದವರು ಇದೂ ಒಂದು ಮಂಟಪವೆಂದೇ ಎಣಿಸಿಯಾರು. ಆದರೆ ಅದು ಮಸೀದಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನೆಂಬ ಅಧಿಕಾರಿ 1439ರಲ್ಲಿ, ತನ್ನ ಒಡೆಯನಿಗೆ ಪುಣ್ಯವಾಗಲೆಂದು, ಇದನ್ನೂ ಪಕ್ಕದ ಬಾವಿಯನ್ನೂ ಮಾಡಿಸಿದ. ಹಾಗೆಂದು ಹೇಳುವ ಶಾಸನ ಕನ್ನಡದಲ್ಲಿದೆ. ಆ ಶಾಸನ ಈ ಕಟ್ಟಡವನ್ನು ಕರೆದಿರುವುದು ಧರ್ಮಶಾಲೆಯೆಂದು.

ಈ ಧರ್ಮಶಾಲೆಯ ಮಾತನ್ನು ಮೊದಲಿಗೇ ಎತ್ತಿಕೊಂಡದ್ದಕ್ಕೆ ಕಾರಣವುಂಟು. ಕೆಲವು ತಿಂಗಳ ಹಿಂದೆ ಈ ಸೀಮೆಯ ಒಂದು ಊರಿನಿಂದ (ಊರಿನ ಹೆಸರು ಬೇಡ) ನಾಲ್ವರು ಹಿರಿಯರು ನನ್ನಲ್ಲಿಗೆ ಬಂದಿದ್ದರು. ಊರಿಗೊಂದು ಸಮುದಾಯ ಭವನ ಕಟ್ಟಿಸಬೇಕೆಂದಿದ್ದಾರೆ; ಮದುವೆ, ಸಭೆ, ನಾಟಕ, ಉಪನ್ಯಾಸ, ಮಕ್ಕಳ ಶಿಬಿರ, ಎಲ್ಲಕ್ಕೂ ಒದಗಬೇಕು; ಜೊತೆಗೆ ‘ನಮ್ಮ ನೆಲದ ಸಂಸ್ಕೃತಿ’ ಎದ್ದು ಕಾಣಬೇಕು. ನನಗೆ ಹಳೆಯ ಕಲ್ಲುಗಳ ಹುಚ್ಚಿದೆಯೆಂದು ಯಾರೋ ಹೇಳಿದ್ದರಂತೆ. ನಕ್ಷೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು. ಮುಂಭಾಗದಲ್ಲಿ ಸಿಮೆಂಟಿನಲ್ಲಿ ಎರಕಹೊಯ್ದ ಎಂಟು ಕಂಬಗಳು, ವಿಟ್ಠಲ ದೇವಾಲಯದ ಕಂಬಗಳ ಮಾದರಿಯವು, ಯಾಳಿ ಸಹಿತ. ಮಾಡಿನ ಮೇಲೆ ಕಲ್ಲಿನ ರಥದ ಚಿಕ್ಕದೊಂದು ಪ್ರತಿಕೃತಿ. “ಒಳಗೆ ಹೇಗಿದೆ?” ಎಂದು ಕೇಳಿದೆ. “ಒಳಗೇನು ಸಾರ್, ದೊಡ್ಡ ಹಾಲ್ ಐತೆ” ಎಂದರು ಅವರಲ್ಲಿ ಹಿರಿಯರಾದವರು.

ಆ ಉತ್ತರ ನನ್ನನ್ನು ಬಹುದಿನ ಕಾಡಿತು. ಏಕೆಂದರೆ ಅಂಥ ದೊಡ್ಡ ಹಾಲ್‌ಗಳನ್ನು ನಾವೆಲ್ಲ ಕಂಡವರೇ. ಮೇಲೆ ತಗಡಿನ ಮಾಡು. ಏಪ್ರಿಲ್ ಮೇ ತಿಂಗಳಲ್ಲಿ ಬಳ್ಳಾರಿ ಸೀಮೆಯ ಬಿಸಿಲು ಅದರ ಮೇಲೆ ಬಿದ್ದರೆ ಒಳಗೆ ಕೂತವರು ಬೆಂದುಹೋಗುತ್ತಾರೆ. ಮಳೆ ಬಂದರೆ ಮಾತು ಕೇಳಿಸದು. ಬೋಳು ಗೋಡೆಗಳಿಂದ ದನಿ ತಿರುಗಿ ತಿರುಗಿ ಬಂದು, ಭಾಷಣಕಾರನ ಒಂದು ವಾಕ್ಯ ಮುಗಿಯುವ ಮೊದಲೇ ಅದರ ಹಿಂದಿನ ವಾಕ್ಯ ಅವನನ್ನು ಅಡ್ಡಗಟ್ಟುತ್ತದೆ. ಇಂಥದೊಂದು ಭವನದಲ್ಲಿ ನಾನೊಮ್ಮೆ ಕುಮಾರವ್ಯಾಸನನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದೆ. ಇಳಿದು ಬಂದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯ ತಾಯಿಯೊಬ್ಬರು, “ಬಹಳ ಚೆನ್ನಾಗಿ ಹೇಳಿದಿರಿ, ಯಾರ ವಿಷಯ?” ಎಂದು ಕೇಳಿದರು. ತಪ್ಪು ಅವರದಲ್ಲ, ನನ್ನದೂ ಅಲ್ಲವೆಂದು ನಂಬಿಕೊಂಡಿದ್ದೇನೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಈ ನಾಲ್ಕು ಊರುಗಳ ಸೀಮೆಗೆ ನೂರಾರು ಜನ ಒಂದೆಡೆ ಸೇರುವ ಕಟ್ಟಡ ಹೊಸದಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಅದು ಆಡಳಿತದ ಗೆರೆ. ಕಲ್ಲು, ಬಿಸಿಲು, ಬಯಲಾಟ, ಜಾತ್ರೆಗಳಿಗೆ ಆ ಗೆರೆ ತಿಳಿಯದು. ಹೀಗಾಗಿ, ಬಂದವರಿಗೆ ಸಲಹೆ ಕೊಡುವ ಮೊದಲು, ಈ ಸೀಮೆಯ ಜನ ಎಲ್ಲೆಲ್ಲಿ ಕೂಡುತ್ತಿದ್ದರು, ಆ ಜಾಗಗಳು ಹೇಗೆ ಕಟ್ಟಲ್ಪಟ್ಟಿದ್ದವು ಎಂಬುದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಯಿತು. ಅದನ್ನೇ ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ವಿರೂಪಾಕ್ಷನ ಗುಡಿಗೆ ಹೋಗೋಣ. ಅಲ್ಲಿನ ರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1509-10ರಲ್ಲಿ, ಕಟ್ಟಿಸಿದ. ಮಂಟಪದ ಬಳಿಯೇ ನಿಂತಿರುವ ಶಾಸನದಲ್ಲಿ ಇದರ ವಿವರವಿದೆ. ಸಿಂಗನಾಯಕನಹಳ್ಳಿಯನ್ನು ದತ್ತಿಬಿಟ್ಟ ಸಂಗತಿಯೂ ಇದೆ. ಅರಸನೊಬ್ಬ ಸಿಂಹಾಸನವೇರಿದ ನೆನಪಿಗೆ ಮಾಡಿಸಿದ್ದು ವಿಜಯಸ್ತಂಭವಲ್ಲ, ಜನ ಕೂಡುವ ಮಂಟಪ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅದರ ಒಳಮಾಡಿನ ಚಿತ್ರಗಳನ್ನು ತಲೆಯೆತ್ತಿ ನೋಡಿದವರು ಬಲ್ಲರು: ಗಿರಿಜಾಕಲ್ಯಾಣ, ದ್ರೌಪದಿಯ ಮತ್ಸ್ಯಯಂತ್ರ, ಮನ್ಮಥ ಬಾಣ ಬಿಡುವುದು, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ. ಈಗ ಕಾಣುವ ಬಣ್ಣ ರಾಯನ ಕಾಲದ್ದಲ್ಲ, ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದೆಂದು ಬಲ್ಲವರು ಹೇಳುತ್ತಾರೆ. ಅಂದರೆ ಸಾಮ್ರಾಜ್ಯ ಮುಗಿದು ಎರಡೂವರೆ ಶತಮಾನಗಳಿಗೂ ಮೇಲೆ ಯಾರೋ ಏಣಿ ಹಾಕಿ ಹತ್ತಿ, ಆ ಮಂಟಪ ತಮ್ಮದೆಂಬ ಭಾವದಿಂದ ಮತ್ತೆ ಬಣ್ಣ ಬಳಿದಿದ್ದಾರೆ.

ರಂಗಮಂಟಪ ಎಂಬ ಮಾತನ್ನೇ ನೋಡಿ. ರಂಗವೆಂದರೆ ಆಡುವ ಜಾಗ. ಅಲ್ಲಿ ನೃತ್ಯ ನಡೆಯುತ್ತದೆ, ಪುರಾಣ ಓದುತ್ತಾರೆ, ಉತ್ಸವಮೂರ್ತಿಯನ್ನು ತಂದಿಡುತ್ತಾರೆ. ಉಳಿದ ದಿನಗಳಲ್ಲಿ ಯಾತ್ರಿಕ ಕಂಬಕ್ಕೊರಗಿ ನಿದ್ದೆಹೋಗುತ್ತಾನೆ. ಅದೇ ಗುಡಿಯ ಹೊರಪ್ರಾಕಾರದಲ್ಲಿ ನೂರುಗಂಬದ ಮಂಟಪ ಬೇರೆ ಇದೆ. ಅಡುಗೆಯ ಮನೆಯೂ ಇದೆ. ತುಂಗಭದ್ರೆಯಿಂದ ಬಂದ ಕಿರುಗಾಲುವೆಯೊಂದು ಗುಡಿಯೊಳಗೆ ಹರಿದು, ಅಡುಗೆಮನೆಯನ್ನು ಹಾಯ್ದು, ಹೊರಪ್ರಾಕಾರದಿಂದಾಚೆಗೆ ಹೋಗುವಂತೆ ಮಾಡಿದ್ದಾರೆ. ಪಾತ್ರೆ ತೊಳೆಯುವವರ ಕಷ್ಟವನ್ನು ಬಲ್ಲ ಶಿಲ್ಪಿಯೊಬ್ಬ ಅಲ್ಲಿದ್ದ. ನಮ್ಮ ಭವನಗಳಲ್ಲಿ ಸಾವಿರ ಎಲೆ ಹಾಕುವ ಊಟದ ಮನೆಯುಂಟು. ಅದರ ಹಿಂದೆ ನೀರು ಹೋಗಲು ದಾರಿಯಿಲ್ಲದೆ ಬೀದಿಯೇ ಬಚ್ಚಲಾಗುತ್ತದೆ. ನನ್ನಲ್ಲಿಗೆ ಬಂದವರ ನಕ್ಷೆಯಲ್ಲೂ ಅಡುಗೆಮನೆಯ ಹಿಂದೆ ಗೆರೆಯೊಂದಿತ್ತು, ಅದು ಕಾಂಪೌಂಡು.

ಇನ್ನು ಕಂಬದ ಮಾತು. ವಿಜಯನಗರದ ಮಂಟಪವೆಂದರೆ ಕಂಬಗಳ ತೋಪು. ಇದಕ್ಕೆ ಶಿಲ್ಪಿಗಳ ಅಲಂಕಾರಪ್ರಿಯತೆ ಮಾತ್ರವೇ ಕಾರಣವಲ್ಲ. ಕಣಶಿಲೆ ಭಾರವನ್ನು ಹೊರುವುದರಲ್ಲಿ ಗಟ್ಟಿ, ಬಾಗುವುದರಲ್ಲಿ ದುರ್ಬಲ. ಎರಡು ಕಂಬಗಳ ನಡುವೆ ಕಲ್ಲುತೊಲೆಯನ್ನು ಹಾಸಿದರೆ, ಹತ್ತು ಹನ್ನೆರಡು ಅಡಿ ದಾಟುತ್ತಿದ್ದಂತೆ ತನ್ನ ಭಾರಕ್ಕೆ ತಾನೇ ಬಿರುಕುಬಿಡುವ ಭಯ. ಆದ್ದರಿಂದ ಕಂಬದ ತಲೆಗೆ ಬೋದಿಗೆಗಳನ್ನು ಚಾಚಿಸಿ ತೊಲೆಯ ಹರವನ್ನು ಕಡಿಮೆಮಾಡುವುದು, ನಡುವಣ ಅಂಕಣವನ್ನು ಮಾತ್ರ ತುಸು ಅಗಲಮಾಡಿ ಅದನ್ನೇ ರಂಗವಾಗಿ ಬಿಡುವುದು, ಸುತ್ತಲೂ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸುವುದು, ಇದು ಅವರು ಕಂಡುಕೊಂಡ ಉಪಾಯ. ನೋಡುವವರು ಕಂಬಗಳ ನಡುವೆ ಕುಳಿತು ನಡುವಣ ಬಯಲನ್ನು ನೋಡಬೇಕು. ಒಂದು ಕಂಬದ ಹಿಂದೆ ಸಿಕ್ಕವನಿಗೆ ಅರ್ಧ ನರ್ತಕಿ ಮಾತ್ರ ಕಂಡಾಳು. ವಿಟ್ಠಲ ದೇವಾಲಯದ ಪ್ರಾಕಾರದಲ್ಲಿ ಕೃಷ್ಣದೇವರಾಯ 1516-17ರಲ್ಲಿ ಮಾಡಿಸಿದ ನೂರುಗಂಬದ ಮಂಟಪವನ್ನೂ, 1554ರಲ್ಲಿ ಉದಯಗಿರಿ ತಿಮ್ಮರಾಜು ಮಾಡಿಸಿದ ಉಯ್ಯಾಲೆ ಮಂಟಪವನ್ನೂ ನೋಡಿ ಬಂದವರು ಹೀಗೆ ಬಯಲಿಗೂ ಕಂಬಕ್ಕೂ ನಡೆದ ಜಗ್ಗಾಟವನ್ನು ಕಣ್ಣಾರೆ ಕಾಣಬಹುದು.

ಕಂಬ ಹಾಗೆ ಹುಟ್ಟಿದ್ದು ಕಲ್ಲಿನ ಅಶಕ್ತಿಯಿಂದ. ಉಕ್ಕು ಕಾಂಕ್ರೀಟುಗಳು ಅರವತ್ತು ಅಡಿಯನ್ನು ಕಂಬವಿಲ್ಲದೆ ದಾಟಿಸಬಲ್ಲ ಕಾಲದಲ್ಲಿ, ಹೊರುವುದಕ್ಕೆ ಏನೂ ಇಲ್ಲದ ಟೊಳ್ಳು ಕಂಬಗಳನ್ನು ಮುಂಭಾಗದಲ್ಲಿ ನಿಲ್ಲಿಸಿ ಸಂಸ್ಕೃತಿಯೆಂದು ಕರೆದರೆ, ಉಯ್ಯಾಲೆ ಮಂಟಪದ ಶಿಲ್ಪಿಗೆ ನಗು ಬಂದೀತು. ಅವನ ಕೈಗೆ ಉಕ್ಕು ಸಿಕ್ಕಿದ್ದರೆ ಅವನು ಕಂಬವನ್ನು ತೆಗೆದೇ ಬಿಡುತ್ತಿದ್ದ ಎಂದು ನನ್ನ ಗುಮಾನಿ.

ಅವನ ಕಾಲದವರೇ ತೆಗೆದದ್ದೂ ಉಂಟು. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ಸಿಗುತ್ತದೆ. ಕೃಷ್ಣದೇವರಾಯ ತನ್ನ ಮಗ ತಿರುಮಲರಾಯನ ಹೆಸರಿನಲ್ಲಿ 1524ರಲ್ಲಿ ಒಂದು ಪುರವನ್ನು ಮಾಡಿ, ಅಲ್ಲಿ ಅನಂತಶಯನನಿಗೆ ಈ ಗುಡಿಯನ್ನು ಕಟ್ಟಿಸಿದ. ಮಲಗಿದ ದೇವರಿಗೆ ಉದ್ದನೆಯ ಗರ್ಭಗುಡಿ ಬೇಕು; ನಡುವೆ ಕಂಬ ಬಂದರೆ ದೇವರನ್ನು ತುಂಡರಿಸಿದಂತೆ. ಅಲ್ಲಿ ಕಲ್ಲನ್ನು ಬಿಟ್ಟು ಇಟ್ಟಿಗೆ ಗಾರೆಗಳ ಎತ್ತರವಾದ ಕಮಾನುಮಾಡನ್ನು ಹಾಕಿದರು. ಇಂದು ಒಳಗೆ ಮೂರ್ತಿಯಿಲ್ಲ. ಆ ಮಾಡು ಮಾತ್ರ ಇದೆ. ಕಲ್ಲಿಗೆ ಆಗದ್ದನ್ನು ಇಟ್ಟಿಗೆ ಮಾಡಿತು. ಕೆಲಸ ಕೇಳಿದ್ದಕ್ಕೆ ತಕ್ಕ ವಸ್ತುವನ್ನು ಆರಿಸಿಕೊಳ್ಳುವ ಈ ಬುದ್ಧಿ ನಾಲ್ಕು ಶತಮಾನಗಳ ನಂತರವೂ ಇಲ್ಲಿ ಸತ್ತಿರಲಿಲ್ಲ. ಇದೇ ಹೊಸಪೇಟೆಯ ಪಕ್ಕದಲ್ಲಿ 1945ರಲ್ಲಿ ಅಡಿಗಲ್ಲು ಬಿದ್ದು 1953ರ ಹೊತ್ತಿಗೆ ಎದ್ದುನಿಂತ ತುಂಗಭದ್ರಾ ಅಣೆಕಟ್ಟು ಬಹುಮಟ್ಟಿಗೆ ಕಲ್ಲು ಮತ್ತು ಸುರ್ಕಿಗಾರೆಯ ಕೆಲಸ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆಯುವ ವಿದ್ಯೆಯನ್ನು ಬಲ್ಲ ಕೈಗಳು ಆಗ ಈ ಸೀಮೆಯಲ್ಲಿ ಬೇಕಾದಷ್ಟಿದ್ದವು.

ವಿಜಯನಗರವೆಂದರೆ ಕಲ್ಲು ಎಂಬ ನಮ್ಮ ನಂಬಿಕೆಯೂ ಅರ್ಧ ಸತ್ಯವೇ. ದೇವರಿಗೆ ಕಲ್ಲು, ಅರಸನಿಗೆ ಮರ. ಮಹಾನವಮಿ ದಿಬ್ಬದ ಬಳಿಯ ನೂರುಗಂಬದ ಸಭಾಂಗಣದಲ್ಲಿ ಇಂದು ಒಂದು ಕಂಬವೂ ಇಲ್ಲ. ಹತ್ತು ಹತ್ತರಂತೆ ಹತ್ತು ಸಾಲು ಕಂಬಗಳಿಗೆ ಕಲ್ಲಿನಲ್ಲಿ ಕೊರೆದ ನೆಲೆಗಳು ಮಾತ್ರ ಉಳಿದಿವೆ. ನಿಂತಿದ್ದವು ಮರದ ಕಂಬಗಳು; 1565ರ ರಕ್ಕಸ ತಂಗಡಿಯ ಸೋಲಿನ ಬಳಿಕ ಬೆಂಕಿಗೆ ಆಹುತಿಯಾದವು. ಹೆರಾತಿನ ಷಾರುಖ್ ಸುಲ್ತಾನನ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಇಲ್ಲಿಗೆ ಬಂದಾಗ, ಅರಸ ತನ್ನನ್ನು ನಲವತ್ತು ಕಂಬಗಳ ಸಭೆಯಲ್ಲಿ ಕಂಡನೆಂದು ಬರೆದಿದ್ದಾನೆ. ಪಾರಸಿಯವರಿಗೆ ನಲವತ್ತು ಕಂಬವೆಂದರೆ ಬಹಳ ಕಂಬಗಳೆಂದೂ ಅರ್ಥ. ಅವನು ಎಣಿಸಿದ್ದನೋ ಬೆರಗಾಗಿದ್ದನೋ ಹೇಳುವುದು ಕಷ್ಟ. ಮಹಾನವಮಿಯ ಹಬ್ಬಕ್ಕೆಂದು ವಿಶಾಲವಾದ ಬಯಲಿನಲ್ಲಿ ಹಲವು ಅಂತಸ್ತುಗಳ ಚಪ್ಪರಗಳನ್ನು ಎಬ್ಬಿಸಿ, ಮೇಲಿಂದ ಕೆಳಗಿನವರೆಗೆ ಚಿತ್ರಗಳಿಂದ ಸಿಂಗರಿಸಿದ್ದುದನ್ನೂ ಅವನು ವರ್ಣಿಸಿದ್ದಾನೆ. ಹಬ್ಬ ಮುಗಿದರೆ ಅವು ಬಿಚ್ಚಿಹೋಗುವಂಥವು.

ಈ ಚಪ್ಪರದ ವಿದ್ಯೆಯನ್ನು ನಾವು ವಾಸ್ತುವೆಂದು ಎಣಿಸುವುದೇ ಇಲ್ಲ. ಆದರೆ ಈ ಸೀಮೆಯ ಅತ್ಯಂತ ಹಳೆಯ ಸಮುದಾಯ ಭವನ ಅದೇ. ಮದುವೆಯ ಹಂದರ ಬೆಳಗ್ಗೆ ಏಳುತ್ತದೆ, ಮೂರನೆಯ ದಿನ ಇಳಿಯುತ್ತದೆ. ನಡುವೆ ಇಡೀ ಕೇರಿಯನ್ನು ತನ್ನ ನೆರಳಿನಲ್ಲಿ ಕೂರಿಸಿಕೊಂಡಿರುತ್ತದೆ. ವಿಜಯದಶಮಿಯಂದು ಹೊಸಪೇಟೆಯ ಏಳು ಕೇರಿಗಳ ದೇವತೆಗಳ ಪಲ್ಲಕ್ಕಿಗಳು ಬನ್ನಿಗಾಗಿ ಧರ್ಮದ ಗುಡ್ಡಕ್ಕೆ ಹೊರಡುವುದನ್ನು ನೋಡಿದವರು, ಅಬ್ದುಲ್ ರಜಾಕ್ ಕಂಡ ಹಬ್ಬದ ಎಳೆಯೊಂದು ಇನ್ನೂ ಹರಿಯದೆ ಉಳಿದಿದೆಯೆಂದು ಭಾವಿಸಿದರೆ ತಪ್ಪಲ್ಲ. ಆ ಜನಸಾಗರಕ್ಕೆ ಗೋಡೆಗಳಿರುವ ಯಾವ ಭವನವೂ ಸಾಲದು. ಮೊಹರಮ್ಮಿನಲ್ಲಿ ಹಳ್ಳಿಹಳ್ಳಿಯ ಅಲಾಯಿ ಕುಣಿಯ ಸುತ್ತ ಹಿಂದೂ ಮುಸಲ್ಮಾನರೆನ್ನದೆ ಹೆಜ್ಜೆಹಾಕುವವರಿಗೂ ಬೇಕಾದದ್ದು ಮಾಡಲ್ಲ, ಬಯಲು. ಭವನದ ನಕ್ಷೆ ಬರೆಯುವವರು ನಿವೇಶನದ ಅಂಚಿನವರೆಗೂ ಗೋಡೆ ಎಳೆದು, ಮುಂದಿನ ಬಯಲನ್ನು ಮೋಟಾರುಗಾಡಿಗಳಿಗೆ ಬಿಡುತ್ತಾರೆ.

ಪೋರ್ಚುಗಲ್ ದೇಶದ ದೊಮಿಂಗೊ ಪೇಯಸ್ 1520ರ ಸುಮಾರಿಗೆ ಇಲ್ಲಿದ್ದು ಬರೆದಿಟ್ಟ ವಿವರಗಳಲ್ಲಿ ನನಗೆ ಬಹಳ ಇಷ್ಟವಾದುದು ಅರಮನೆಯ ನೃತ್ಯಶಾಲೆಯ ವರ್ಣನೆ. ಅದು ಉದ್ದವಾದ, ಅಷ್ಟೇನೂ ಅಗಲವಿಲ್ಲದ ಸಾಲೆ. ಅರಮನೆಯ ಹೆಣ್ಣುಮಕ್ಕಳು ಅಲ್ಲಿ ನೃತ್ಯ ಕಲಿಯುತ್ತಿದ್ದರು. ಸುತ್ತಲ ಕಂಬಗಳ ಮೇಲೆ, ಪಟ್ಟಿಕೆಗಳ ಮೇಲೆ ಕುಣಿಯುವ ಹೆಂಗಸರ ಆಕೃತಿಗಳು. ಒಂದೊಂದು ನೃತ್ಯದ ಕೊನೆಯಲ್ಲಿ ದೇಹ ಯಾವ ಭಂಗಿಯಲ್ಲಿ ನಿಲ್ಲಬೇಕೋ ಅದನ್ನೇ ಅಲ್ಲಿ ಕೆತ್ತಿದ್ದರಂತೆ. ಕಲಿಯುವವಳು ಮರೆತರೆ ಗುರುವನ್ನು ಕೇಳಬೇಕಾಗಿಲ್ಲ, ಕಂಬದ ಕಡೆ ಕಣ್ಣುಹಾಯಿಸಿದರೆ ಸಾಕು. ಮೈಯನ್ನು ಬಾಗಿಸಿ ಪಳಗಿಸಿಕೊಳ್ಳಲು ಹಿಡಿದುಕೊಳ್ಳುವ ಏರ್ಪಾಡೂ ಅಲ್ಲಿತ್ತೆಂದು ಅವನು ಹೇಳುತ್ತಾನೆ. ಶಿಲ್ಪವನ್ನು ನಾವು ಅಲಂಕಾರವೆನ್ನುತ್ತೇವೆ. ಅಲ್ಲಿ ಅದು ಪಠ್ಯಪುಸ್ತಕವಾಗಿತ್ತು. ಆ ಕಟ್ಟಡ ಇಂದಿಲ್ಲ. ಪರದೇಶಿಯೊಬ್ಬ ಕಣ್ಣಿಟ್ಟು ನೋಡಿ ಬರೆಯದಿದ್ದರೆ ಅಂಥದೊಂದು ಇತ್ತೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಕಂಪ್ಲಿಯ ವಿಷಯದಲ್ಲಿ ನೋಡಲು ಇನ್ನೂ ಕಡಿಮೆ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ಚಾಲುಕ್ಯರ ಅರಮನೆಯಿತ್ತು. ಅದನ್ನು ಕೆಡವಿದ್ದೇವೆಂದು ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಯಿಂದ ಹೇಳಿಕೊಂಡಿವೆ. ಮುಂದೆ ಕಂಪಿಲರಾಯನ ರಾಜ್ಯ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ 1327ರಲ್ಲಿ ಬಿದ್ದುಹೋಯಿತು. ಅರಮನೆ ಹೋದರೂ ಕುಮಾರರಾಮನ ಕಥೆ ಹೋಗಲಿಲ್ಲ. ಅದು ದೊಡ್ಡಾಟಕ್ಕೆ ಹತ್ತಿ, ಊರೂರಿನ ಅಟ್ಟದ ಮೇಲೆ ಇರುಳಿಡೀ ಕುಣಿಯಿತು. ದೊಡ್ಡಾಟಕ್ಕೆ ಬೇಕಾದದ್ದೇನು? ಎದೆಯೆತ್ತರದ ಒಂದು ಅಟ್ಟ, ವೇಷಧಾರಿ ಗುಡುಗುತ್ತ ಹೆಜ್ಜೆಹಾಕಿದರೆ ಸದ್ದು ಕೊಡುವ ಹಲಗೆಯ ನೆಲ, ಬೆನ್ನ ಹಿಂದೆ ಹಿಮ್ಮೇಳದವರು ನಿಲ್ಲುವಷ್ಟು ಜಾಗ, ಮುಂದೆ ಚಾಪೆ ಹಾಸಿಕೊಂಡು ಮಕ್ಕಳನ್ನು ಮಲಗಿಸಿ ನೋಡುವಂಥ ನೆಲ. ನೆಲಕ್ಕೆ ಮೊಳೆಹೊಡೆದ ಕುರ್ಚಿಗಳ ಸಭಾಂಗಣದಲ್ಲಿ ದೊಡ್ಡಾಟವನ್ನು ಆಡಿಸಿದ್ದನ್ನು ನಾನು ನೋಡಿದ್ದೇನೆ. ಎರಡು ಗಂಟೆಗೆ ಅದನ್ನು ಕತ್ತರಿಸಿದ್ದರು. ಸಿಮೆಂಟಿನ ನೆಲದ ಮೇಲೆ ಕುಣಿದ ಕಲಾವಿದನ ಮಂಡಿ ಮರುದಿನ ಊದಿಕೊಂಡಿತ್ತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ಅದು ಇತಿಹಾಸವಾಗದು. ಆ ಮಂಟಪಗಳೊಳಗೆ ಯಾರು ಕೂರುತ್ತಿದ್ದರು? ಕಲ್ಲನ್ನು ಬಂಡೆಯಿಂದ ಬಿಡಿಸಿದವನ, ಹೊತ್ತವನ, ಬೀದಿ ಗುಡಿಸಿದವಳ ಮಕ್ಕಳಿಗೆ ಗುಡಿಯ ಮಂಟಪದ ನೆರಳು ಶತಮಾನಗಳ ಕಾಲ ದಕ್ಕಲಿಲ್ಲ. ಗೋಡೆಯಿಲ್ಲದ ಕಟ್ಟಡಕ್ಕೂ ಕಾಣದ ಗೋಡೆಯಿತ್ತು. ಈ ವಿಷಯದಲ್ಲಿ ಸಂಡೂರನ್ನು ನೆನೆಯಬೇಕು. ಆ ಪುಟ್ಟ ಮರಾಠಾ ಸಂಸ್ಥಾನದ ಅರಸ ಯಶವಂತರಾವ್ ಘೋರ್ಪಡೆಯವರು 1932ರಲ್ಲಿಯೇ ಗುಡಿಗಳನ್ನು ಹರಿಜನರಿಗೆ ತೆರೆಸಿದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಹೊರಟದ್ದು 1936ರಲ್ಲಿ. ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದಿದ್ದರು. ಕಟ್ಟಡಕ್ಕೆ ಒಂದು ಇಟ್ಟಿಗೆಯನ್ನೂ ಸೇರಿಸದೆ ಅದರ ವಿಸ್ತಾರವನ್ನು ಹೆಚ್ಚಿಸಿದ ಕೆಲಸ ಅದು.

ನಮ್ಮ ಕಾಲದಲ್ಲಿ ಆ ಕಾಣದ ಗೋಡೆ ಬೇರೆ ರೂಪದಲ್ಲಿ ಮರಳಿದೆ. ಒಂದೊಂದು ಜನಾಂಗಕ್ಕೆ ಒಂದೊಂದು ಭವನ, ಒಂದೊಂದು ಕಲ್ಯಾಣಮಂಟಪ. ಇದರಲ್ಲಿ ನ್ಯಾಯವಿಲ್ಲವೆಂದಲ್ಲ, ಬೇರೆಡೆ ಬಾಡಿಗೆಗೂ ಜಾಗ ಸಿಗದವರು ತಮ್ಮದೇ ಸೂರೊಂದನ್ನು ಕಟ್ಟಿಕೊಂಡರೆ ತಪ್ಪೆನ್ನಲು ನಾವು ಯಾರು? ಆದರೆ ‘ಸಮುದಾಯ’ ಎಂಬ ಮಾತಿಗೆ ಇಡೀ ಊರು ಎಂಬ ಅರ್ಥ ಹೋಗಿ ನಮ್ಮವರು ಎಂಬ ಅರ್ಥ ಬಂದುಬಿಟ್ಟಿದೆ. ಅಹಮದ್ ಖಾನನ ಶಾಸನದ ಮಾತು ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಕಾರಣದಿಂದ. ತನ್ನವರ ಪ್ರಾರ್ಥನೆಗೆ ಕಟ್ಟಿಸಿದ್ದನ್ನು ಅವನು ಊರಿನ ಭಾಷೆಯಲ್ಲಿ, ಊರಿಗೆಲ್ಲ ತಿಳಿಯುವ ಹೆಸರಿನಿಂದ ಕರೆದ. ಊರಿನ ಶಿಲ್ಪಿಗಳ ಕೈಯಲ್ಲಿ, ಊರಿನ ರೀತಿಯಲ್ಲಿ ಕಟ್ಟಿಸಿದ. ಪಕ್ಕದಲ್ಲಿ ಬಾವಿ ತೋಡಿಸಿದ.

ಹಂಪಿಯ ಬಜಾರಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರು ಉದ್ದಕ್ಕೆ ರಥಬೀದಿಯ ಎರಡು ಮಗ್ಗುಲಿಗೂ ಸಾಲುಮಂಟಪಗಳಿವೆ. ಹಳೆಯ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಕುಟುಂಬಗಳು ದಶಕಗಳಿಂದ ಅಲ್ಲಿ ಬಾಳಿದ್ದವು, ಅಂಗಡಿ ಇಟ್ಟಿದ್ದವು. ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ ಆ ಮನೆ ಅಂಗಡಿಗಳನ್ನು ಕೆಡವಿ, ಜನರನ್ನು ತೆರವುಮಾಡಿದರು. ಅವರಿಗೆ ಕಡ್ಡಿರಾಂಪುರದ ಬಳಿ ನಿವೇಶನಗಳನ್ನು ಗೊತ್ತುಮಾಡಲಾಯಿತು. ಕಂಬಗಳಿಗೆ ಗೋಡೆ ಕಟ್ಟಿ ಸುಣ್ಣ ಬಳಿದದ್ದು ಸರಿಯಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಒಂದು ಮಾತು. ಆ ಮಂಟಪಗಳು ಹುಟ್ಟಿದ್ದೇ ಅಂಗಡಿಯಾಗಲು, ತಂಗುದಾಣವಾಗಲು. ಜನರಿದ್ದಾಗ ಅವು ಕೆಟ್ಟವು, ಜನ ಹೋದ ಮೇಲೆ ಬರಿದಾದವು; ಇವೆರಡರ ನಡುವಿನ ಹದವೊಂದನ್ನು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ. ಸಂಜೆಯ ಹೊತ್ತು ಆ ಬೀದಿಯಲ್ಲಿ ನಡೆಯುವಾಗ ನನಗೆ ಸಂತೋಷವಾಗುವುದಿಲ್ಲ.

ನೆಲಕ್ಕೆ ಹೊಂದುವ ಹೊಸ ಕಟ್ಟಡವನ್ನು ಈ ಸೀಮೆಯಲ್ಲಿ ಯಾರೂ ಯೋಚಿಸಿಲ್ಲವೆಂದು ಹೇಳುವಂತಿಲ್ಲ. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಇಲ್ಲಿಯೇ ಇದೆ. ಅದರ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಸ್ವತಃ ಬಯಲಾಟದ ಹಿನ್ನೆಲೆಯ ನಾಟಕಕಾರರು. ಕಟ್ಟಡಗಳಿಗೆ ಈ ಸೀಮೆಯ ಕಲ್ಲೇ ಬಂತು. ಹೆಸರುಗಳನ್ನೂ ನೋಡಿ: ಆಡಳಿತದ ಮನೆ ಕ್ರಿಯಾಶಕ್ತಿ, ಸಭಾಂಗಣ ಭುವನವಿಜಯ, ಇನ್ನೊಂದು ಸಭಾಂಗಣದ ಹೆಸರೇ ಮಂಟಪ. ನನ್ನ ಮೆಚ್ಚಿಕೆಗೆ ಪಾತ್ರವಾದುದು ನವರಂಗವೆಂಬ ಬಯಲು ರಂಗಮಂದಿರ. ಪದವಿ ಪ್ರದಾನ ಮಾಡುವ ನುಡಿಹಬ್ಬ ನಡೆಯುವುದು ಅಲ್ಲಿ, ಆಕಾಶದ ಕೆಳಗೆ, ಸಂಜೆಯ ಹೊತ್ತು. ಮಧ್ಯಾಹ್ನದ ಬಿಸಿಲನ್ನು ತಡೆಯಲು ಯಂತ್ರ ತರಿಸುವ ಬದಲು ಸಮಯವನ್ನೇ ಬದಲಿಸುವುದು ಈ ನೆಲದ ಜಾಣತನ. ಆದರೆ ಅದು ವಿದ್ವಾಂಸರ ಆವರಣ. ಕಂಪ್ಲಿಯ ರೈತನ ಮಗಳ ಮದುವೆ ಅಲ್ಲಿ ನಡೆಯಲಾರದು. ಊರಿನ ಭವನಕ್ಕೆ ಅದರಿಂದ ಹೆಸರುಗಳನ್ನಲ್ಲ, ಆ ಸಂಜೆಯನ್ನು ಕಡತರಬೇಕು.

ಸಂಡೂರಿನ ಕಡೆ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿತು. ಅಲ್ಲಿನ ಕುಶಲ ಕಲಾ ಕೇಂದ್ರದ ಕೆಲಸವೂ ಅದರ ಹಿಂದಿದೆ. ಅವರು ಕನ್ನಡಿಚೂರು, ಕವಡೆಗಳನ್ನು ಬಟ್ಟೆಗೆ ಹೊಲಿಯುವಾಗ ಗುಂಪಾಗಿ ಕೂರುತ್ತಾರೆ, ಮಾತನಾಡುತ್ತ ಹೊಲಿಯುತ್ತಾರೆ. ಅವರಿಗೆ ಬೇಕಾದದ್ದು ಕಣ್ಣಿಗೆ ಹೊಡೆಯದ ಬಡಗಣ ಬೆಳಕು, ತೊಟ್ಟಿಲು ಕಟ್ಟಲು ಒಂದು ತೊಲೆ, ಬಾಗಿಲಿರುವ ಒಂದು ಶೌಚಾಲಯ. ತಾಂಡಾಗಳಲ್ಲಿ ನಾಯಕ, ಕಾರಭಾರಿಗಳು ನ್ಯಾಯ ಹೇಳಲು ಕೂರುತ್ತಿದ್ದುದು ಬಯಲಿನಲ್ಲಿ. ಸುತ್ತ ನಿಂತವರಿಗೆಲ್ಲ ಕೇಳುವಂತೆ. ಭವನದ ಬಗ್ಗೆ ಯೋಚಿಸುವವರು ಅಟ್ಟ, ಮೈಕು, ಸನ್ಮಾನದ ಕುರ್ಚಿಗಳನ್ನು ಮರೆಯುವುದಿಲ್ಲ. ಈ ತೊಲೆ ಮತ್ತು ಬಾಗಿಲು ಮಾತ್ರ ಮರೆತುಹೋಗುತ್ತವೆ.

ಆ ನಾಲ್ವರು ಹಿರಿಯರು ಮತ್ತೆ ಬಂದರು. ನಾನು ಮೇಲಿನದನ್ನೆಲ್ಲ ಹೇಳಲಿಲ್ಲ. ಹೇಳಿದ್ದರೆ ಅವರು ಕೇಳುತ್ತಲೂ ಇರಲಿಲ್ಲ. ಯಾಳಿಯ ಖರ್ಚನ್ನು ಬಿಟ್ಟು ಮಾಡಿನ ಕೆಳಗೆ ಬಿಸಿಗಾಳಿ ಹೊರಹೋಗುವ ತೆರಪಿಡಿ ಎಂದೆ. ಗೋಡೆಯ ಸುತ್ತ ಹೊರಗಡೆ ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿ, ಅದರ ಮೇಲೆ ಆರಡಿಯ ಮಾಡು ಚಾಚಿಸಿ; ಭವನಕ್ಕೆ ಬೀಗ ಬಿದ್ದಿರುವ ದಿನಗಳಲ್ಲೂ ಜನ ಅಲ್ಲಿ ಕೂರಲಿ ಎಂದೆ. ವೇದಿಕೆಗೆ ಹಲಗೆ ಹಾಕಿಸಿ, ಅಡುಗೆಮನೆಯ ನೀರಿಗೆ ಹಿಂದಿನ ತೋಟಕ್ಕೆ ದಾರಿಮಾಡಿ, ಮುಂದಿನ ಬಯಲನ್ನು ಹಾಗೆಯೇ ಬಿಡಿ, ಎರಡು ಬೇವಿನ ಗಿಡ ನೆಡಿ ಎಂದೆ. ಕೊನೆಗೆ, ಕೀಲಿ ಯಾರ ಕೈಯಲ್ಲಿ ಇರುತ್ತದೆಂದು ಕೇಳಿದೆ. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. “ಅದಿನ್ನೂ ಆಗಿಲ್ಲ ಸಾರ್, ಅದರದೇ ಜಗಳ” ಎಂದರು.

ಮೊನ್ನೆ ಅವರಲ್ಲೊಬ್ಬರು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಕಟ್ಟೆಯನ್ನು ಅಂದಾಜುಪಟ್ಟಿಯಲ್ಲಿ ಸೇರಿಸಿದ್ದಾರಂತೆ. ವೇದಿಕೆಗೆ ಹಲಗೆಯೂ ಸೇರಿದೆ. ಕಲ್ಲಿನ ರಥವನ್ನು ಬಿಟ್ಟಿದ್ದಾರೆ. ಯಾಳಿಯ ಕಂಬಗಳು ಮಾತ್ರ ಹಾಗೆಯೇ ಇವೆ; ಎಂಟರ ಬದಲು ನಾಲ್ಕು.